ಟಬ್ ಮುಚ್ಚು ಅಂದವಳು ನಾನು

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಸರಿಯಿಲ್ಲ. ಮೂವತ್ತೊಂದು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ಹಿಂದೆ ನಲವತ್ತು ಮಕ್ಕಳು ಕಿರುಚುತ್ತಿರುವಾಗ, ಮುಂದೆ ರಸ್ತೆಯೇ ಕಾಣದ ಹಾಗೆ ಹಿಮ ಬೀಳುತ್ತಿರುವಾಗ ಮೆತ್ತಗೆ ಮಾತಾಡುವ ಅಭ್ಯಾಸ ಯಾರಿಗೂ ಉಳಿಯುವುದಿಲ್ಲ. ಫ್ರೆಂಚ್ ಮಾತಾಡುವ ಕೆಬೆಕ್ ಸೀಮೆಯ ನಮ್ಮೂರು ಸೇಂ-ಕ್ಲೋವಿಸ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ, ಫೆರ್ನಾಂದಳ ಬಾಯಿಗೆ ಬೀಳಬೇಡ ಅನ್ನುತ್ತಾರೆ. ಅದನ್ನು ನಾನು ಬಹಳ ಕಾಲ ಹೊಗಳಿಕೆ ಅಂದುಕೊಂಡಿದ್ದೆ.

ನನ್ನ ತಂಗಿ ಲುಸಿಲ್ ನನಗೆ ತದ್ವಿರುದ್ಧ. ಅವಳು ಯಾರಿಗೂ ಇಲ್ಲ ಅಂದವಳಲ್ಲ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿದ್ದೇವೆ. ನೆಲಮಾಳಿಗೆಯಲ್ಲಿ ಅವಳ ಸಲೂನು: ಎರಡು ಕುರ್ಚಿ, ಒಂದು ಕನ್ನಡಿ, ಕೂದಲು ಒಣಗಿಸುವ ಹಳೆಯ ಯಂತ್ರ. ಊರಿನ ಅರ್ಧ ತಲೆಗಳು ಅವಳ ಕೈಯಲ್ಲೇ ಬೆಳೆದವು. ಮದುವೆಯ ಹೆಣ್ಣಿಗೆ ಸಿಂಗಾರ ಮಾಡುವವಳೂ ಅವಳೇ, ಸತ್ತವರನ್ನು ಪೆಟ್ಟಿಗೆಯಲ್ಲಿಡುವ ಮೊದಲು ಕೊನೆಯ ಸಲ ತಲೆ ಬಾಚುವವಳೂ ಅವಳೇ. ನಲವತ್ತೆರಡನೆಯ ವರ್ಷಕ್ಕೆ ಅವಳಿಗೆ ಕೀಲುವಾತ ಹಿಡಿಯಿತು. ಬೆಳಗ್ಗೆ ಏಳುವಷ್ಟರಲ್ಲಿ ಬೆರಳುಗಳೆಲ್ಲ ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು. ಒಂದೊಂದನ್ನೇ ಬಿಡಿಸಬೇಕಾಗಿತ್ತು, ಬಿಡಿಸುವಾಗ ಅವಳು ದಿಂಬು ಕಚ್ಚಿಕೊಳ್ಳುತ್ತಿದ್ದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಜೊತೆಗೆ ಇನ್ನೊಂದು ಮಾತು ಹೇಳಿದರು. ದಿನಾ ಬೆಳಗ್ಗೆ ಕತ್ತಿನವರೆಗೆ ಬಿಸಿನೀರಿನಲ್ಲಿ ಕೂತು ಬೆರಳು ಆಡಿಸಬೇಕು, ಚಳಿಗಾಲದಲ್ಲಂತೂ ಒಂದು ದಿನವೂ ತಪ್ಪಿಸಬಾರದು, ಒಮ್ಮೆ ಪೂರ್ತಿ ಕಚ್ಚಿಕೊಂಡ ಬೆರಳು ಆಮೇಲೆ ಬಿಡುವುದಿಲ್ಲ ಎಂದರು.

ನಮ್ಮ ಊರಿನಲ್ಲಿ ಯಾರ ಮನೆ ಸುಟ್ಟರೂ, ಯಾರ ಮಗುವಿಗೆ ಕಾಯಿಲೆ ಬಂದರೂ ಮೊದಲು ದೊಡ್ಡ ಹಂಡೆಯಲ್ಲಿ ನೀರು ಕುದಿಯಲು ಇಡುತ್ತಾರೆ. ಚರ್ಚಿನ ನೆಲಮಾಳಿಗೆಯಲ್ಲಿ ಸ್ಪಗೆಟಿ ಊಟ. ಚೀಟಿ ಕೊಂಡು ಬಂದು ತಿಂದು ಹೋಗುತ್ತಾರೆ, ಬಂದ ದುಡ್ಡು ಕಷ್ಟದಲ್ಲಿರುವವರಿಗೆ. ಲುಸಿಲ್‌ಳ ಹೆಸರಿನಲ್ಲಿ ಆ ಊಟ ನಡೆದಾಗ ಒಳಗೆ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತು ತಿಂದರು. ಈ ಊಟ ನಡೆಸುವ ಸಮಿತಿಯ ಅಧ್ಯಕ್ಷ ರೊಸೇರ್ ಪೊತ್ವೆನ್ ಏಪ್ರನ್ ಕಟ್ಟಿಕೊಂಡು ತಾನೇ ಬಡಿಸಿದ. ಒಂದು ತಿಂಗಳಲ್ಲಿ ಆರು ಜನ ಕೂರುವ ಬಿಸಿನೀರಿನ ಟಬ್ಬು ನಮ್ಮ ಹಿತ್ತಲ ಮರದ ಜಗುಲಿಯ ಮೇಲೆ ಬಂದು ಕೂತಿತು.

ಅವತ್ತಿನಿಂದ ಲುಸಿಲ್ ದಿನಾ ಬೆಳಗ್ಗೆ ಐದೂವರೆಗೆ ಉಣ್ಣೆಯ ಟೋಪಿ ಹಾಕಿಕೊಂಡು ನೀರಿಗಿಳಿಯುತ್ತಿದ್ದಳು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿದ್ದರೂ ಇಳಿಯುತ್ತಿದ್ದಳು. ನಾನು ಬಸ್ಸಿನ ಎಂಜಿನ್ ಬಿಸಿ ಮಾಡಲು ಹೊರಟಾಗ ಆವಿಯ ಒಳಗಿಂದ ಕೈ ಎತ್ತಿ ಐದೂ ಬೆರಳು ಬಿಚ್ಚಿ ತೋರಿಸುತ್ತಿದ್ದಳು. ಅದೇ ನಮ್ಮಿಬ್ಬರ ಶುಭೋದಯ. ಐದು ಬೆರಳು ಬಿಚ್ಚಿದವೆಂದರೆ ಅವತ್ತು ಸಲೂನು ತೆರೆಯುತ್ತದೆ ಎಂದರ್ಥ. ಆರು ಚಳಿಗಾಲ ಹೀಗೇ ಕಳೆದವು.

ಟಬ್ಬು ಬಂತು ಸರಿ, ಅದರ ಹಿಂದೆಯೇ ಊರೂ ಬಂತು. ಒಂದು ತಟ್ಟೆ ಸ್ಪಗೆಟಿ ತಿಂದವನೂ ಅದರ ಮಾಲೀಕನೇ. ಸಂಜೆ ಹೊತ್ತು ಬೇಲಿ ಆಚೆಯಿಂದ, "ಲುಸಿಲ್, ನಮ್ಮ ಟಬ್ ಹೇಗಿದೆ?" ಅನ್ನುವರು. ನಮ್ಮ ಟಬ್ ಅಂತೆ. ಸೊಂಟ ನೋವು ಅಂತ ಒಬ್ಬಳು, ಮೊಮ್ಮಕ್ಕಳು ಬಂದಿದ್ದಾರೆ ಅಂತ ಇನ್ನೊಬ್ಬಳು ಟವಲ್ ಹಿಡಿದು ಬರುವರು. ಲುಸಿಲ್ ನಕ್ಕು ಒಳಗೆ ಬಿಡುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇನ್ನೊಬ್ಬರ ಉಪಕಾರವನ್ನು ದಿನಾ ಮೂರು ಹೊತ್ತು ನೆನಪಿಸಿಕೊಂಡು ಬದುಕುವುದಕ್ಕಿಂತ ನೋವೇ ವಾಸಿ ಅಂತ ಒಂದು ಸಲ ಅಂದೂಬಿಟ್ಟೆ.

"ನೋವು ನಿಂದಲ್ಲವಲ್ಲ ನಾಂದ್, ಅದಕ್ಕೆ ಹಾಗಂತೀಯ" ಅಂದಳು ಲುಸಿಲ್. ಅವಳು ನನ್ನನ್ನು ಕರೆಯುವುದೇ ನಾಂದ್ ಅಂತ.

ಇನ್ನು ಚಳಿಗಾಲದ ವಿಷಯ. ನಮ್ಮ ಕಡೆ ಅಕ್ಟೋಬರ್ ಬಂತೆಂದರೆ ಟಬ್ಬಿಗೆ ಎರಡೇ ಗತಿ. ಒಂದು, ಸಜ್ಜು ಮಾಡುವುದು. ಹಳೆ ನೀರು ಹೊರಗೆ ಬಿಟ್ಟು, ಫಿಲ್ಟರ್ ತೊಳೆದು, ಹೊಸ ನೀರು ತುಂಬುವುದು, ಯಾಕೆಂದರೆ ಆಮೇಲೆ ಮಾರ್ಚ್‌ವರೆಗೆ ನೀರು ಬದಲಿಸಲಾಗುವುದಿಲ್ಲ. ಮುಚ್ಚಳ ನೀರು ಕುಡಿದು ಭಾರವಾಗಿದೆಯೋ ಏನೋ ಎತ್ತಿ ನೋಡುವುದು, ಗಾಳಿಗೆ ಹಾರದಂತೆ ಪಟ್ಟಿ ಬಿಗಿಯುವುದು, ಬದಿಯ ಹಲಗೆಯ ಸಂದುಗಳಿಗೆ ಫೋಮ್ ತುರುಕುವುದು. ಆಮೇಲೆ ಏನೇ ಆದರೂ ಕರೆಂಟು ತೆಗೆಯಬಾರದು. ಇನ್ನೊಂದು ಗತಿ, ಮುಚ್ಚುವುದು. ಸರೋವರದ ದಡದ ಬೇಸಿಗೆ ಮನೆಗಳವರು ಮಾಡುವುದು ಅದನ್ನು. ಟಬ್ಬನ್ನು ಪೂರ್ತಿ ಬರಿದು ಮಾಡಿ, ಪೈಪುಗಳಲ್ಲಿ ಉಳಿದ ನೀರನ್ನು ಗಾಳಿ ಊದಿ ಹೊರಹಾಕಿ, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ಸುರಿದು, ಪಂಪಿನ ತಳದ ಬಿರಡೆಗಳನ್ನು ಬಿಚ್ಚಿ ತೆಗೆದು, ಮೇಲೆ ತಾಡಪಾಲು ಕಟ್ಟಿ ಮೇ ತಿಂಗಳವರೆಗೆ ಮರೆತುಬಿಡುವುದು. ಊರಿನಲ್ಲಿ ಎರಡೂ ಕೆಲಸ ರೊಸೇರನದೇ. ಮರದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನು ಮಾಡುತ್ತಿದ್ದದ್ದು ಇದೊಂದೇ. ನಮ್ಮದನ್ನು ಪ್ರತಿ ವರ್ಷ ಬಂದು ಸಜ್ಜು ಮಾಡಿ, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ.

ಏಳನೆಯ ವರ್ಷದ ಅಕ್ಟೋಬರ್, ಎರಡನೆಯ ಶನಿವಾರ. ಕುದುರೆಯಷ್ಟು ದೊಡ್ಡ ಕಾಡುಜಿಂಕೆ ಮೂಸ್‌ನ ಬೇಟೆಯ ಕಾಲ. ನಾನು ಶಾಲೆಯ ಹಾಕಿ ತಂಡವನ್ನು ಪಕ್ಕದ ಊರಿಗೆ ಬಿಟ್ಟು, ಕರೆದುಕೊಂಡು ಬಂದು, ಸುಸ್ತಾಗಿ ಮನೆಗೆ ಬಂದೆ. ಹಿತ್ತಲಲ್ಲಿ ಗಂಡಸರ ನಗು. ಹೋಗಿ ನೋಡಿದರೆ ಟಬ್ಬಿನಲ್ಲಿ ನಾಲ್ಕು ಜನ: ರೊಸೇರ್, ಅವನ ಭಾಮೈದ, ಇನ್ನಿಬ್ಬರು. ಐದು ದಿನ ಕಾಡಿನಲ್ಲಿದ್ದು ನೇರ ಇಲ್ಲಿಗೇ ಬಂದಿದ್ದರು. ಅಂಗಳದಲ್ಲಿ ನಿಂತ ಅವರ ಗಾಡಿಯ ಮೇಲೆ ಮೂಸ್‌ನ ತಲೆ ನಾಲಿಗೆ ಹೊರಹಾಕಿಕೊಂಡು ಮಲಗಿತ್ತು. ಬಿಯರ್ ಡಬ್ಬಗಳು ಜಗುಲಿಯ ತುಂಬ. ನೀರಿನ ಮೇಲೆ ಕೂದಲು, ಜಿಡ್ಡು, ಏನೇನೋ. ಲುಸಿಲ್ ಸ್ನಾನದ ನಿಲುವಂಗಿ ತೊಟ್ಟು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದಳು. ಅವತ್ತು ಬೆಳಗ್ಗೆಯಿಂದ ಹನ್ನೊಂದು ತಲೆ ಮಾಡಿದ್ದಳು. ಕೈ ಬಾತುಕೊಂಡಿತ್ತು.

"ಪಾಪ, ಅವರಿಗೆ ಚಳಿ ಹಿಡಿದಿದೆ ಕಣೆ. ಹತ್ತು ನಿಮಿಷ ಅಷ್ಟೇ" ಅಂದಳು.

ಅವಳನ್ನು ಒಳಗೆ ಕಳಿಸಿ ಬಾಗಿಲು ಹಾಕಿ ಜಗುಲಿಗೆ ಬಂದೆ.

"ಓಹೋ, ಡ್ರೈವರಮ್ಮ ಬಂದ್ಳು" ಅಂದ ಭಾಮೈದ. "ಬಾರಮ್ಮ, ಜಾಗ ಇದೆ. ಬಸ್ ಮಾತ್ರ ಹೊರಗೇ ನಿಲ್ಸು."

ಎಲ್ಲ ನಕ್ಕರು. ರೊಸೇರ್ ಮಾತ್ರ ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಎದ್ದು ಹೊರಗೆ ಬನ್ನಿ, ನಾಲ್ಕೂ ಜನ" ಅಂದೆ.

"ಅಯ್ಯೋ ಫೆರ್ನಾಂದ್, ನಾವೂ ಇದಕ್ಕೆ ತಿಂದಿದ್ದೀವಿ" ಅಂದ ಭಾಮೈದ. "ಆ ಸ್ಪಗೆಟಿ ಎಷ್ಟು ಬೆಂದು ಮೆತ್ತಗಾಗಿತ್ತು ಗೊತ್ತಾ? ಅದನ್ನ ನುಂಗಿದ ತಪ್ಪಿಗಾದ್ರೂ ಕೂರಕ್ಕೆ ಬಿಡು."

ನನಗೆ ತಲೆ ಕೆಟ್ಟುಹೋಯಿತು. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಅವನ ಹೆಂಡತಿಯನ್ನು ಬಯ್ದೆ, ಸಮಿತಿಯನ್ನು ಬಯ್ದೆ, ಪಾದ್ರಿಯನ್ನೂ ಬಿಡಲಿಲ್ಲ. ನೆನಪಿರುವುದು ಕೊನೆಯ ನಾಲ್ಕು ಮಾತು.

"ರೊಸೇರ್, ಮುಚ್ಚು ಇದನ್ನ. ಇವತ್ತಿಗೆ ಸಾಕು."

ಅವನು ನೀರಿನಿಂದ ಮೇಲೆದ್ದು ಟವಲ್ ಸುತ್ತಿಕೊಳ್ಳುತ್ತಿದ್ದ. "ಮುಚ್ಚೋದಾ? ಚಳಿಗಾಲಕ್ಕಾ?"

"ಚಳಿಗಾಲಕ್ಕೂ, ಬೇಸಿಗೆಗೂ, ನೀನು ಸಾಯೋವರೆಗೂ."

"ಫೆರ್ನಾಂದ್, ಯೋಚನೆ ಮಾಡಿ ಹೇಳ್ತಿದ್ದೀಯಾ?"

"ನಾನು ಫ್ರೆಂಚಲ್ಲೇ ತಾನೇ ಮಾತಾಡ್ತಿರೋದು? ಮುಚ್ಚು ಅಂದ್ರೆ ಮುಚ್ಚು. ಇನ್ನೊಂದು ಸಲ ಕೇಳಿದ್ರೆ ಆ ಮೂಸ್ ಪಕ್ಕದಲ್ಲೇ ನಿನ್ನೂ ಕಟ್ತೀನಿ."

ಅವನು ತಲೆಯಾಡಿಸಿದ. ನನ್ನ ಅರ್ಥ ಇಷ್ಟೇ ಇತ್ತು: ಈ ಟಬ್ಬಿನ ಬಾಗಿಲು ಊರಿಗೆ ಮುಚ್ಚಿತು, ಇನ್ನು ಇಲ್ಲಿ ಯಾರೂ ಕಾಲಿಡಬೇಡಿ. ಯಾರಿಗೆ ತಾನೇ ಅರ್ಥವಾಗುವುದಿಲ್ಲ ಅಂದುಕೊಂಡೆ. ನಾಲ್ವರೂ ಒದ್ದೆ ಮೈಯಲ್ಲೇ ಬೂಟು ಹಾಕಿಕೊಂಡು ಹೊರಟರು. ಅವತ್ತು ನಾನು ಗೆದ್ದೆ ಅನ್ನಿಸಿತ್ತು. ಲುಸಿಲ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ವರ್ಷ ಟಬ್ಬನ್ನು ನಾನೇ ಸಜ್ಜು ಮಾಡಿದೆ. ಕೈಪಿಡಿ ಮೊಣಕಾಲ ಮೇಲಿಟ್ಟುಕೊಂಡು ಒಂದು ಭಾನುವಾರ ಪೂರ್ತಿ ಅದರಲ್ಲೇ ಕಳೆದೆ. ಮೂಸ್‌ನ ಕೂದಲನ್ನು ಫಿಲ್ಟರಿನ ಮಡಿಕೆಗಳಿಂದ ಒಂದೊಂದಾಗಿ ತೆಗೆದೆ, ಒಳಗೆಲ್ಲ ವಿನೆಗರ್ ಹಾಕಿ ಉಜ್ಜಿದೆ, ಹೊಸ ನೀರು ತುಂಬಿಸಿದೆ. ಲುಸಿಲ್ ಬಂದು ನೀರಿಗೆ ಕೈ ಹಾಕಿ ನೋಡಿ, "ರೊಸೇರ್‌ಗಿಂತ ಚೆನ್ನಾಗಿ ಮಾಡಿದ್ದೀಯ ಕಣೆ" ಅಂದಳು. ಸುಳ್ಳಿರಬಹುದು, ಆದರೂ ಆ ಮಾತಿಗೆ ನನಗೆ ಹೊಟ್ಟೆ ತುಂಬಿತು.

ಅಕ್ಟೋಬರ್ ಕೊನೆಗೆ ಲುಸಿಲ್‌ಗೆ ಕೆಬೆಕ್ ನಗರದ ದೊಡ್ಡ ಆಸ್ಪತ್ರೆಯಿಂದ ಕರೆ ಬಂತು. ಹೊಸ ಔಷಧಿ, ಎರಡೂವರೆ ವಾರ ಅಲ್ಲೇ ಇದ್ದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಸ್ಸನ್ನು ಬೇರೆಯವನ ಕೈಗೆ ಕೊಟ್ಟು ನಾನೂ ಹೊರಟೆ. ಔಷಧಿ ಅವಳ ಮೈಗೆ ಒಗ್ಗಲಿಲ್ಲ, ಜ್ವರ ಬಂದು ನಿಲ್ಲಿಸಿದರು. ಆದರೆ ಅಲ್ಲಿನ ಬಿಸಿನೀರಿನ ಕೊಳದಲ್ಲಿ ದಿನಾ ಅವಳನ್ನು ಇಳಿಸುತ್ತಿದ್ದರು, ಬೆರಳು ಚೆನ್ನಾಗಿಯೇ ಇದ್ದವು. "ಹಳೇ ಮಾತ್ರೆ, ಹಳೇ ಟಬ್, ಅದೇ ಸಾಕು ಬಿಡು" ಅಂದಳು. ಐದು ಗಂಟೆಯ ದಾರಿ ಕಾರಿನಲ್ಲಿ ವಾಪಸು ಬರುವಾಗ ಅವಳದೊಂದೇ ಜಪ: ಮನೆ ಸೇರಿದ ತಕ್ಷಣ ಕೋಟು ಕೂಡ ತೂಗುಹಾಕದೆ ನೇರ ನೀರಿಗೆ.

ಆ ವರ್ಷ ಚಳಿ ಬೇಗ ಬಂದಿತ್ತು. ನವೆಂಬರ್ ಹದಿನೆಂಟಕ್ಕೇ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ. ಮಧ್ಯಾಹ್ನ ಅಂಗಳಕ್ಕೆ ಕಾರು ತಿರುಗಿಸಿದಾಗ ಹಿತ್ತಲಿನಿಂದ ಆವಿ ಏಳುತ್ತಿರಲಿಲ್ಲ. ಓಡಿಹೋಗಿ ನೋಡಿದೆ. ಟಬ್ಬಿನ ಮೇಲೆ ಹಸಿರು ತಾಡಪಾಲು, ಸುತ್ತ ಹಗ್ಗ, ಒಂದೊಂದು ಗಂಟೂ ಅಚ್ಚುಕಟ್ಟು. ಬಿಚ್ಚಿ ಮುಚ್ಚಳ ಎತ್ತಿದೆ. ಒಳಗೆ ಒರೆಸಿ ಒಣಗಿಸಿದ ಬರಿ ತೊಟ್ಟಿ. ತಳದ ತೂತಿನ ಹತ್ತಿರ ಒಂದು ಹನಿ ಗುಲಾಬಿ ಬಣ್ಣ.

"ಮುಚ್ಚಿದ್ದಾರೆ" ಅಂದಳು ಲುಸಿಲ್, ನನ್ನ ಹಿಂದೆ ನಿಂತು. "ಯಾಕೆ ನಾಂದ್? ಯಾರು ಹೇಳಿದ್ದು?"

"ಆ ರೊಸೇರ್ ಸೇಡು ತೀರಿಸ್ಕೊಂಡ" ಅಂದೆ. ನಾನು ನಿಜವಾಗಿ ಹಾಗೇ ನಂಬಿದ್ದೆ.

ಮನೆಯೊಳಗೆ ಟೆಲಿಫೋನಿನ ಪಕ್ಕದ ಪೆಟ್ಟಿಗೆಯ ಕೆಂಪು ದೀಪ ಮಿಣುಕುತ್ತಿತ್ತು. ಆಗಿನ್ನೂ ನಮ್ಮಲ್ಲಿ ಮಾತು ಹಿಡಿದಿಡುವ ಟೇಪಿನ ಯಂತ್ರವೇ ಇತ್ತು. ಗುಂಡಿ ಒತ್ತಿದೆ. "ಫೆರ್ನಾಂದ್, ನಾನು ರೊಸೇರ್ ಮಾತಾಡ್ತಿರೋದು..." ಅಂತ ಧ್ವನಿ ಬಂತು. ಅಷ್ಟು ಸಾಕಾಯಿತು ನನಗೆ. ಅಳಿಸುವ ಗುಂಡಿ ಒತ್ತಿಬಿಟ್ಟೆ.

"ಏನು ಹೇಳ್ತಾನೋ ಕೇಳಬಾರದಿತ್ತಾ?" ಅಂದಳು ಲುಸಿಲ್. "ಅವನಿಗೊಂದು ಫೋನ್ ಮಾಡು. ಬಂದು ತೆರೆದುಕೊಡ್ತಾನೆ."

"ಸತ್ರೂ ಮಾಡಲ್ಲ. ತೊಟ್ಟಿಗೆ ನೀರು ತುಂಬೋದಕ್ಕೆ ಅವನೇನು ಎಂಜಿನಿಯರಾ? ನಾನು ಮಾಡ್ತೀನಿ. ನಾಳೆ ಬೆಳಗ್ಗೆ ನೀನು ನೀರಲ್ಲಿರ್ತೀಯ."

"ನಾನೇ ಮಾಡ್ಲಾ ಫೋನ್?"

"ಮಾಡಿ ನೋಡು, ಆಮೇಲೆ ನನ್ನ ಜೊತೆ ಮಾತಾಡಬೇಡ" ಅಂದೆ. ಅವಳು ಮಾಡಲಿಲ್ಲ. ಇಲ್ಲ ಅನ್ನಲು ಬಾರದವಳು ನನಗೂ ಇಲ್ಲ ಅನ್ನಲಿಲ್ಲ.

ಹೊರಗಿನ ನಲ್ಲಿಯನ್ನು ಚಳಿಗಾಲಕ್ಕೆಂದು ಆಗಲೇ ಬಂದ್ ಮಾಡಿದ್ದೆವು. ಬಟ್ಟೆ ಒಗೆಯುವ ಕೋಣೆಯ ಬಿಸಿನೀರಿನ ನಲ್ಲಿಗೆ ಪೈಪು ಸಿಕ್ಕಿಸಿ, ನೆಲಮಾಳಿಗೆಯ ಕಿಟಕಿಯಿಂದ ಹೊರಗೆಳೆದು ಟಬ್ಬಿಗೆ ಬಿಟ್ಟೆ. ಎರಡು ಗಂಟೆಯಲ್ಲಿ ತುಂಬಬೇಕಾದದ್ದು ಐದು ಗಂಟೆ ಹಿಡಿಯಿತು. ಚಳಿಗೆ ಪೈಪು ಬಿಗಿದು ನೀರು ಸಣ್ಣಗೆ ಬರುತ್ತಿದೆ ಅಂದುಕೊಂಡೆ. ಜಗುಲಿಯ ಮೇಲೆಲ್ಲ ಒದ್ದೆ. ಪೈಪಿನಿಂದ ಚೆಲ್ಲಿದ್ದು ಅಂದುಕೊಂಡೆ. ಕತ್ತಲಾಗುವ ಹೊತ್ತಿಗೆ ಕರೆಂಟು ಹಾಕಿದಾಗ ಪಂಪು ಗುರ್ರೆಂದು ಶುರುವಾಯಿತು. ನೀರು ಬೆಚ್ಚಗಾಗುವುದನ್ನು ಕೈ ಹಾಕಿ ನೋಡಿ, ಮುಚ್ಚಳ ಹಾಕಿ, ಪಟ್ಟಿ ಬಿಗಿದು ಒಳಗೆ ಬಂದೆ. ಲುಸಿಲ್ ಬಟಾಣಿ ಸೂಪು ಮಾಡಿದ್ದಳು. ಎರಡು ಬಟ್ಟಲು ಕುಡಿದೆ.

ಬೆಳಗ್ಗೆ ಐದೂವರೆಗೆ ಲುಸಿಲ್ ನಿಲುವಂಗಿ ತೊಟ್ಟು, ಟೋಪಿ ಹಾಕಿಕೊಂಡು ಹೊರಗೆ ಹೋದಳು. ತಕ್ಷಣ ವಾಪಸು ಬಂದು ಕುರ್ಚಿಯಲ್ಲಿ ಕೂತಳು.

"ಪಂಪಿನ ಶಬ್ದ ಇಲ್ಲ" ಅಂದಳು.

ಟಬ್ಬಿನಲ್ಲಿ ಅರ್ಧಕ್ಕೂ ಕಡಿಮೆ ನೀರಿತ್ತು, ಮೇಲೆ ಗಾಜಿನಂಥ ಪದರ. ಬದಿಯ ಹಲಗೆ ಕಿತ್ತು ಒಳಗೆ ನೋಡಿದೆ. ಪಂಪು, ನೀರು ಕಾಯಿಸುವ ಪೆಟ್ಟಿಗೆ, ಪೈಪುಗಳು ಎಲ್ಲ ಒಂದೇ ಮಂಜುಗಡ್ಡೆಯಲ್ಲಿ ಹೂತುಹೋಗಿದ್ದವು. ಪಂಪಿನ ಮೈ ಉದ್ದಕ್ಕೂ ಸೀಳಿತ್ತು. ನೋಡನೋಡುತ್ತಿರುವಾಗಲೇ ತೊಟ್ಟಿಯ ಮೂಲೆಯಲ್ಲಿ ಟಕ್ಕೆಂದು ಸದ್ದಾಗಿ ಒಂದು ಬಿರುಕು ಬಾಯಿಬಿಟ್ಟಿತು. ನಾನು ಅಲ್ಲೇ ಮಂಡಿಯೂರಿ ಕೂತೆ. ನನ್ನ ಬಾಯಿಂದ ಆಗಲೂ ಬಂದದ್ದು ರೊಸೇರನಿಗೆ ಬೈಗುಳವೇ.

ಅವನ ಮನೆಗೆ ಹೋದೆ, ಜಗಳ ಆಡಲೆಂದೇ ಹೋದೆ. ಅವನು ಗ್ಯಾರೇಜಿನಲ್ಲಿ ಹಿಮ ತಳ್ಳುವ ಯಂತ್ರದ ಕೆಳಗೆ ಮಲಗಿದ್ದ. ನಾನು ಬಾಯಿಗೆ ಬಂದದ್ದೆಲ್ಲ ಅಂದು ಮುಗಿಸುವವರೆಗೂ ಅವನು ಯಂತ್ರದ ಕೆಳಗಿನಿಂದ ಹೊರಗೆ ಬರಲಿಲ್ಲ. ಆಮೇಲೆ ಎದ್ದು, ಕೈ ಒರೆಸಿಕೊಂಡು, ಗೋಡೆಯತ್ತ ಹೋದ. ಗೋಡೆಯ ಮೇಲೆ ಒಂದು ಹಲಗೆ, ಹಲಗೆಯಲ್ಲಿ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ಸಣ್ಣ ಚೀಲ. ಪ್ರತಿ ಚೀಲದ ಮೇಲೂ ಒಬ್ಬೊಬ್ಬರ ಹೆಸರು. ಸರೋವರದ ಸುತ್ತ ಅವನು ಮುಚ್ಚಿದ ಟಬ್ಬುಗಳ ಬಿರಡೆಗಳೆಲ್ಲ ಕಳೆದುಹೋಗಬಾರದೆಂದು ಅವನ ಹತ್ತಿರವೇ ಇರುತ್ತವೆ. ತೆರೆಯುವವರು ಮೊದಲು ಅವನ ಹತ್ತಿರ ಬರಬೇಕು. ಊರಿಗೆಲ್ಲ ಗೊತ್ತಿದ್ದ ಪದ್ಧತಿ ಅದು. ನಮ್ಮ ಟಬ್ಬನ್ನು ಒಮ್ಮೆಯೂ ಮುಚ್ಚಿರಲಿಲ್ಲವಾದ್ದರಿಂದ ನನಗೆ ಮಾತ್ರ ಗೊತ್ತಿರಲಿಲ್ಲ.

ಲುಸಿಲ್ ಅಂತ ಬರೆದ ಚೀಲವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಕಿರುಬೆರಳ ಉಗುರಿನಷ್ಟು ಸಣ್ಣ ಮೂರು ಬಿರಡೆ. ಅವಿಲ್ಲದ ತೂತುಗಳಿಂದಲೇ ನಾನು ತುಂಬಿಸಿದ ನೀರು ಸೋರಿ ಪಂಪಿನ ಸುತ್ತ ಹೆಪ್ಪುಗಟ್ಟಿತ್ತು.

"ಫೋನಲ್ಲಿ ಹೇಳಿದ್ನಲ್ಲ ಫೆರ್ನಾಂದ್. ಬಿರಡೆ ನನ್ನ ಹತ್ರ ಇವೆ, ನೀನು ಹೇಳಿದ್ದು ಬೇರೆ ಅರ್ಥದಲ್ಲಾದ್ರೆ ಒಂದು ಫೋನ್ ಮಾಡು, ಅರ್ಧ ಗಂಟೇಲಿ ಬಂದು ತೆರೀತೀನಿ ಅಂತ."

"ನಾನು ಜನಾನ ಬಿಡಬೇಡ ಅಂದಿದ್ದು ಕಣೋ. ಜನಕ್ಕೆ ಮುಚ್ಚು ಅಂದಿದ್ದು."

"ನಾನು ಎರಡು ಸಲ ಕೇಳಿದೆ."

"ನೀರು ಹೊಸದಾಗಿತ್ತಲ್ಲ. ನಾನೇ ತುಂಬಿಸಿದ್ದೆ. ಅದನ್ನ ನೋಡಿದ ಮೇಲಾದ್ರೂ ಗೊತ್ತಾಗ್ಲಿಲ್ವಾ?"

"ವಿಚಿತ್ರ ಅನ್ನಿಸ್ತು. ಕೆಬೆಕ್‌ನಲ್ಲಿ ಹೊಸ ಔಷಧಿ ಸಿಗುತ್ತಂತೆ, ಇನ್ನು ಟಬ್ ಬೇಡ್ವೇನೋ ಅಂದ್ಕೊಂಡೆ. ಕೊಲೆಟ್ ಕೂಡ ಅಂದ್ಳು, ಇನ್ನೊಂದು ಸಲ ಕೇಳಿ ಅಂತ." ಕೊಲೆಟ್ ಅವನ ಹೆಂಡತಿ. ಅವನು ನೆಲ ನೋಡಿದ. "ಮೂರನೇ ಸಲ ನಿನ್ನ ಕೇಳೋ ಧೈರ್ಯ ಯಾರಿಗಿದೆ ಹೇಳು."

ಅವನ ಮುಖದಲ್ಲಿ ಸೇಡಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಿರಡೆಗಳನ್ನು ಹಿಡಿದುಕೊಂಡು ಮನೆಗೆ ಬಂದೆ.

ಟಬ್ಬು ಪೂರ್ತಿ ಹೋಯಿತು, ರಿಪೇರಿಗೆ ಬರುವುದಿಲ್ಲ ಎಂದು ಅಂಗಡಿಯವನು ಬಂದು ನೋಡಿ ಹೇಳಿದ. ಹೊಸದು ತಂದು ಕೂರಿಸುವುದೇ ಆದರೂ ಹಿಮ ಕರಗಿ ಹಿತ್ತಲಿಗೆ ದಾರಿಯಾಗಬೇಕು. ನಾನು ಬೆಳಗ್ಗೆ ನಾಲ್ಕಕ್ಕೆ ಎದ್ದು ಅಡುಗೆಮನೆಯಲ್ಲಿ ಬೋಗುಣಿಗಳಲ್ಲಿ ಬಿಸಿನೀರು ತುಂಬಿ ಅವಳ ಕೈ ಅದ್ದಿಸುತ್ತಿದ್ದೆ. ಹತ್ತು ನಿಮಿಷಕ್ಕೆ ನೀರು ಆರುತ್ತಿತ್ತು. ಮತ್ತೆ ಕಾಯಿಸಬೇಕು. ಭುಜ, ಸೊಂಟ, ಮಂಡಿಗೆ ಏನೂ ಇಲ್ಲ. ಒಳಗಿನ ಸ್ನಾನದ ತೊಟ್ಟಿಗೆ ಅವಳನ್ನು ಎತ್ತಿ ಇಳಿಸಲು ಹೋಗಿ ಒಂದು ದಿನ ಇಬ್ಬರೂ ಬಿದ್ದೆವು. ನಲವತ್ತು ನಿಮಿಷ ದೂರದ ಪೇಟೆಯಲ್ಲಿ ಈಜುಕೊಳವಿತ್ತು, ಅದು ತೆರೆಯುವ ಹೊತ್ತಿಗೆ ನಾನು ಬಸ್ಸಿನಲ್ಲಿರಬೇಕು. ಊರವರು ಕರೆದೊಯ್ಯುತ್ತೇವೆ ಅಂದರು, ನಿಜವಾಗಿಯೂ ಒಂದೆರಡು ವಾರ ಸರದಿ ಪ್ರಕಾರ ಕರೆದೊಯ್ದರು. ಆಮೇಲೆ ಹಿಮಗಾಳಿ ಬಂತು, ರಸ್ತೆ ಮುಚ್ಚಿತು, ಸರದಿ ತಪ್ಪಿತು.

ಕ್ರಿಸ್‌ಮಸ್‌ಗೆ ಮುಂಚಿನ ವಾರ ಸಲೂನಿನಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಕೊಲೆಟ್ ತಲೆ ಮಾಡಿಸಲು ಬಂದಿದ್ದಳು. ನಾನು ಮೆಟ್ಟಿಲ ಮೇಲಿಂದ ನೋಡುತ್ತಿದ್ದೆ. ಲುಸಿಲ್‌ಳ ಕೈಯಿಂದ ಕತ್ತರಿ ಜಾರಿತು, ಹಿಡಿಯಲು ಹೋದಾಗ ತುದಿ ಕೊಲೆಟ್‌ಳ ಕಿವಿಯನ್ನು ಸೀಳಿತು. ಬಿಳಿ ಬಟ್ಟೆಯ ಮೇಲೆ ರಕ್ತ ಹರಿಯಿತು. ಕೊಲೆಟ್ ಕಿವಿಗೆ ಕರವಸ್ತ್ರ ಒತ್ತಿಕೊಂಡು, "ಏನಿಲ್ಲ ಲುಸಿಲ್, ಏನಿಲ್ಲ, ಇನ್ನೊಂದು ಕಿವಿ ಇದೆಯಲ್ಲ" ಅಂತ ನಗಿಸಲು ನೋಡಿದಳು. ಲುಸಿಲ್ ನಗಲಿಲ್ಲ. ಕೊಲೆಟ್ ಹೋದ ಮೇಲೆ ಬಾಗಿಲಿನ ಫಲಕವನ್ನು ಮೊಣಕೈಯಿಂದ ತಿರುಗಿಸಿದಳು. ಒಂದು ಬದಿಯಲ್ಲಿ 'ತೆರೆದಿದೆ', ಇನ್ನೊಂದು ಬದಿಯಲ್ಲಿ 'ಮುಚ್ಚಿದೆ'. ಅವತ್ತಿನಿಂದ ಅದು ಇನ್ನೊಂದು ಬದಿಗೇ ಇದೆ.

ಮಾರ್ಚ್‌ನಲ್ಲಿ ಸಮಿತಿಯವರು ಮತ್ತೆ ಹಂಡೆ ಇಟ್ಟರು. ರೊಸೇರ್ ಮನೆಮನೆಗೆ ಹೋಗಿ ಚೀಟಿ ಮಾರಿದ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಮೆರ್ಸಿ, ಅಂದರೆ ಧನ್ಯವಾದ, ಹೇಳುವ ಕೆಲಸ ಮನೆಯವರದು. ಲುಸಿಲ್‌ಗೆ ನಿಲ್ಲಲಾಗುತ್ತಿರಲಿಲ್ಲ, ಆದ್ದರಿಂದ ನಾನು. ಕೈ ಕುಲುಕುತ್ತ, ಒಬ್ಬೊಬ್ಬರಿಗೂ ಮೆರ್ಸಿ. ರೊಸೇರನ ಭಾಮೈದ ಬಂದ.

"ಈ ಸಲ ಎರಡು ತಟ್ಟೆ ತಿಂತೀನಿ ಫೆರ್ನಾಂದ್. ಎರಡು ಸಲ ಕೂರಕ್ಕೆ ಬಿಡ್ತೀಯಾ ತಾನೇ?"

ಸುತ್ತ ಇದ್ದವರು ನನ್ನ ಬಾಯಿ ನೋಡಿದರು.

"ಮೆರ್ಸಿ" ಅಂದೆ.

"ಅರೆ, ಇವಳಿಗೆ ಏನಾಯ್ತು?" ಅಂದ ಅವನು ಪಕ್ಕದವಳಿಗೆ. ನಾನು ಮುಂದಿನವರ ಕೈ ಹಿಡಿದೆ. ಸ್ಪಗೆಟಿ ಆ ಸಲವೂ ಬೆಂದು ಮೆತ್ತಗಾಗಿತ್ತು. ತಟ್ಟೆ ಖಾಲಿಯಾಗುವವರೆಗೂ ತಿಂದೆ.

ಹೊಸ ಟಬ್ಬು ಮೇ ತಿಂಗಳಲ್ಲಿ ಬಂತು, ಮೊದಲಿನದಕ್ಕಿಂತ ದೊಡ್ಡದು. ಬೇಸಿಗೆ ಪೂರ್ತಿ ಲುಸಿಲ್ ಬೆಳಗ್ಗೆ ಐದೂವರೆಗೆ ತಪ್ಪದೆ ಇಳಿದಳು. ನೋವು ಸ್ವಲ್ಪ ಕಡಿಮೆಯಾಯಿತು, ಭುಜ ಆಡಿತು. ಬೆರಳುಗಳು ಮಾತ್ರ ಬಿಡಲಿಲ್ಲ. ಎಡಗೈಯಲ್ಲಿ ನಾಲ್ಕು, ಬಲಗೈಯಲ್ಲಿ ಐದೂ ಕಚ್ಚಿಕೊಂಡಿದ್ದವು. ಡಾಕ್ಟರು ಹಿಡಿದು ನೋಡಿ, ನರ ಕುಗ್ಗಿಹೋಗಿದೆ, ಕಳೆದ ಚಳಿಗಾಲದಲ್ಲಿ ಏನಾಯಿತು ಎಂದು ಕೇಳಿದರು. ಲುಸಿಲ್ ನನ್ನ ಕಡೆ ನೋಡಲಿಲ್ಲ. "ಟಬ್ ಕೆಟ್ಟುಹೋಗಿತ್ತು" ಅಂದಳು. ಅವಳ ಕತ್ತರಿಗಳನ್ನೆಲ್ಲ ಕೊಲೆಟ್‌ಳ ಮಗಳು ಕೊಂಡಳು, ಪೇಟೆಯಲ್ಲಿ ಸಲೂನು ಇಡುತ್ತಾಳಂತೆ.

ಅಕ್ಟೋಬರ್ ಬಂತು. ಒಂದು ಮಧ್ಯಾಹ್ನ ರೊಸೇರ್ ಬಂದು ಜಗುಲಿಯ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ನಿಂತ. ಮೆಟ್ಟಿಲು ಹತ್ತಲಿಲ್ಲ.

"ಸಜ್ಜು ಮಾಡ್ಲಾ, ಮುಚ್ಲಾ?" ಅಂದ. "ಇಬ್ರೂ ಇದ್ದೀರ. ಇಬ್ರೂ ಬಾಯ್ಬಿಟ್ಟು ಹೇಳಿ, ಆಮೇಲೇ ನಾನು ಕೈ ಹಾಕೋದು."

ನಾನು ಲುಸಿಲ್ ಕಡೆ ತಿರುಗಿದೆ.

"ಮುಚ್ಚು ರೊಸೇರ್" ಅಂದಳು ಲುಸಿಲ್.

"ಲುಸಿಲ್, ಬೇಡ ಕಣೆ" ಅಂದೆ. "ನೋವಿಗಾದ್ರೂ ಇರಲಿ. ಮುಚ್ಚು ಅಂದ್ರೆ ಅವನು..."

"ಗೊತ್ತು. ನಿನ್ನ ಮುಚ್ಚು ಅಲ್ಲ, ಅವನ ಮುಚ್ಚು." ಅವಳು ನನ್ನನ್ನು ನೇರ ನೋಡಿದಳು. ಒಂದು ವರ್ಷದಲ್ಲಿ ಅದೇ ಮೊದಲು. "ಕೈ ಬರಲ್ಲ ಅಂದ ಮೇಲೆ ಬೆಳಗ್ಗೆ ಐದೂವರೆಗೆ ಆ ಚಳೀಲಿ ಯಾರಿಗೋಸ್ಕರ ಏಳಬೇಕು ನಾನು? ವಸಂತದಲ್ಲಿ ಬೇಕಾದವರಿಗೆ ಕೊಟ್ಟುಬಿಡಿ."

ಮಧ್ಯಾಹ್ನ ಪೂರ್ತಿ ಹಿಡಿಯಿತು. ರೊಸೇರ್ ನೀರು ಬಿಟ್ಟ, ಗಾಳಿ ಊದಿದ, ಗುಲಾಬಿ ದ್ರವ ಸುರಿದ. ನಾನು ಟಾರ್ಚು ಹಿಡಿದೆ, ಹೇಳಿದ ಸಾಮಾನು ಎತ್ತಿಕೊಟ್ಟೆ. ಅವನು ಮೂರು ಬಿರಡೆಗಳನ್ನು ಬಿಚ್ಚಿ ಚೀಲಕ್ಕೆ ಹಾಕಿ ಪೆನ್ನು ತೆಗೆದ. ಹೆಸರು ಬರೆಯದೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಹಾಗೇ ಜೇಬಿಗೆ ಹಾಕಿಕೊಂಡ. ಕಾಫಿ ಕುಡಿಯಲು ನಿಲ್ಲಲಿಲ್ಲ.

ಮಾರನೆಯ ಬೆಳಗ್ಗೆ ಬಸ್ಸು ಬಿಸಿ ಮಾಡಲು ಹೊರಟೆ. ಅಭ್ಯಾಸ ಹಾಳಾಗಲಿ, ಕತ್ತು ತಾನಾಗಿಯೇ ಹಿತ್ತಲ ಕಡೆ ತಿರುಗಿತು. ಅಲ್ಲಿ ಹಸಿರು ತಾಡಪಾಲು. ಅಡುಗೆಮನೆಯ ಕಿಟಕಿಯಲ್ಲಿ ದೀಪ ಹತ್ತಿತ್ತು, ಲುಸಿಲ್ ಎದ್ದು ನಿಂತಿದ್ದಳು. ನನ್ನನ್ನು ಕಂಡು ಅವಳೂ ಅಭ್ಯಾಸಕ್ಕೆ ಕೈ ಎತ್ತಿದಳು. ಗಾಜಿನ ಹಿಂದೆ ಮುಷ್ಟಿ ಕಂಡಿತು. ನಾನೂ ಕೈ ಎತ್ತಿದೆ. ನನ್ನ ಐದೂ ಬೆರಳು ಬಿಚ್ಚಿಕೊಂಡಿದ್ದವು. ಅದನ್ನು ಅವಳು ನೋಡಿದಳು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದೆ.